ಮಧ್ಯಾಹ್ನದ ಮಾತ್ರೆ ಯಾಕೆ ಹಿಡಿಯುತ್ತಿಲ್ಲ?

ಪ್ರಶ್ನೆ: ನನಗೆ 36 ವರ್ಷ. ಎರಡು ವರ್ಷದ ಹಿಂದೆ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಯಿತು. ಲೆವೊಡೋಪಾ-ಕಾರ್ಬಿಡೋಪಾ ಮಾತ್ರೆ ದಿನಕ್ಕೆ ಮೂರು ಸಲ. ಬೆಳಗಿನದು ಚೆನ್ನಾಗಿ ಹಿಡಿಯುತ್ತದೆ. ಮಧ್ಯಾಹ್ನ ಊಟವಾದ ಮೇಲೆ ನುಂಗಿದ್ದು ಕೆಲವು ದಿನ ನುಂಗಿಯೇ ಇಲ್ಲವೇನೋ ಅನ್ನಿಸುತ್ತದೆ. ಬೆಳಗಿನ ಜಾವ ಎಡಪಾದ ಸೆಟೆದು ಒಳಕ್ಕೆ ತಿರುಚಿಕೊಳ್ಳುತ್ತದೆ. ನಾನೇ ಒಂದು ಮಾತ್ರೆ ಹೆಚ್ಚಿಸಿಕೊಳ್ಳಬಹುದೇ?
– ಹೆಸರು ಬೇಡ

ಉತ್ತರ: ದಯವಿಟ್ಟು ಹೆಚ್ಚಿಸಿಕೊಳ್ಳಬೇಡಿ. ಮೊದಲು ಮಾತ್ರೆಗೂ ಊಟಕ್ಕೂ ಎಷ್ಟು ಅಂತರವಿದೆ ನೋಡಿ. ಲೆವೊಡೋಪಾ ಒಂದು ಅಮೈನೋ ಆಮ್ಲ. ಊಟದ ಪ್ರೋಟೀನು ಜೀರ್ಣವಾಗಿ ಬರುವುದೂ ಅಮೈನೋ ಆಮ್ಲಗಳೇ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ದಾಟಲು ಇವೆಲ್ಲಕ್ಕೂ ಒಂದೇ ಬಾಗಿಲು. ನೂಕುನುಗ್ಗಲಿನಲ್ಲಿ ಮಾತ್ರೆ ಹಿಂದೆ ಬೀಳುತ್ತದೆ. ಸಾಲದ್ದಕ್ಕೆ, ಅದು ಹೀರಿಕೆಯಾಗುವುದು ಸಣ್ಣ ಕರುಳಿನಲ್ಲಿ. ಹೊಟ್ಟೆ ತುಂಬಿದ್ದರೆ ಅಲ್ಲಿಗೆ ತಲುಪುವುದೇ ತಡ. ಊಟಕ್ಕೆ ಕನಿಷ್ಠ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದೆರಡು ಗಂಟೆ ಬಿಟ್ಟು, ಒಂದು ಲೋಟ ನೀರಿನೊಡನೆ ನುಂಗಿ. ವಾಕರಿಕೆ ಬಂದರೆ ಒಂದೆರಡು ಬಿಸ್ಕತ್ತು ಸಾಕು. ಪ್ರೋಟೀನನ್ನೇ ಬಿಡುವುದು ತಪ್ಪು, ಸ್ನಾಯು ಸೊರಗುತ್ತದೆ. ಅದರ ಹೆಚ್ಚಿನ ಪಾಲನ್ನು ರಾತ್ರಿಯೂಟಕ್ಕೆ ಸರಿಸಿ ನೋಡಬಹುದು. ಕಬ್ಬಿಣಾಂಶದ ಮಾತ್ರೆ ಇದ್ದರೆ ಎರಡು ಗಂಟೆಯಾದರೂ ಅಂತರವಿರಲಿ. ಮಲಬದ್ಧತೆಯಿದ್ದರೆ ಅದಕ್ಕೂ ಚಿಕಿತ್ಸೆ ಪಡೆಯಿರಿ.

ಪಾದ ತಿರುಚುವುದು ಡಿಸ್ಟೋನಿಯಾ, ಅಂದರೆ ಸ್ನಾಯು ತಾನಾಗಿ ಬಿಗಿದು ತಿರುಚಿಕೊಳ್ಳುವ ತೊಂದರೆ, ಇರಬೇಕು. ರಾತ್ರಿ ಔಷಧದ ಪ್ರಭಾವ ಇಳಿದಾಗ ಬರುವಂಥದ್ದು, ಎಳೆಯ ವಯಸ್ಸಿನಲ್ಲಿ ಕಾಯಿಲೆ ಶುರುವಾದವರಲ್ಲಿ ಹೆಚ್ಚು. ಮಲಗುವಾಗ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ಅಥವಾ ಎದ್ದೊಡನೆ ನೀರಿನಲ್ಲಿ ಕರಗಿಸಿ ಕುಡಿಯುವ ಮಾತ್ರೆಯನ್ನು ನರರೋಗ ತಜ್ಞರು ಕೊಡಬಹುದು. ಕೇಳಿ.

ಹೆಚ್ಚಿಸಬೇಡಿ ಎಂದದ್ದಕ್ಕೆ ಕಾರಣವಿದೆ. ನಿಮ್ಮ ವಯಸ್ಸಿನವರಲ್ಲಿ ಕೈಕಾಲು, ಕತ್ತು ತಾನಾಗಿ ಹೊಯ್ದಾಡುವ ಡಿಸ್ಕೈನೇಸಿಯಾ ಬೇಗ ಕಾಣಿಸಿಕೊಳ್ಳುತ್ತದೆ, ಡೋಸ್ ಏರಿದಷ್ಟೂ ಅದರ ಸಂಭವ ಹೆಚ್ಚು. ಆ ಭಯಕ್ಕೆ ಮಾತ್ರೆ ನಿಲ್ಲಿಸಲೂ ಹೋಗಬೇಡಿ. ಏಕಾಏಕಿ ನಿಲ್ಲಿಸಿದರೆ ಮೈ ಸೆಟೆದು, ಜ್ವರವೇರಿ, ಪ್ರಾಣಕ್ಕೇ ಅಪಾಯವಾಗಬಹುದು.

ಮುಂದಿನ ಭೇಟಿಗೆ ಮೊದಲು ಮೂರು ದಿನ ಅರ್ಧ ಗಂಟೆಗೊಂದು ಸಾಲು ಬರೆದಿಡಿ: ಮೈ ಸಲೀಸೋ, ಬಿಗಿಯೋ, ಹೊಯ್ದಾಟವೋ, ಮಾತ್ರೆ, ಊಟದ ಹೊತ್ತೂ ಇರಲಿ. ಮಾತ್ರೆ ಹಿಡಿಯಲೇ ಇಲ್ಲವೋ, ಹಿಡಿದು ಬೇಗ ಇಳಿಯಿತೋ ಎಂಬುದು ಅದರಿಂದ ತಿಳಿಯುತ್ತದೆ. ಎರಡಕ್ಕೂ ದಾರಿ ಬೇರೆ.

ಇನ್ನೊಂದು ಮಾತು, ಬೇರೆ ಯಾವ ವೈದ್ಯರಲ್ಲಿಗೆ ಹೋದರೂ ಕಾಯಿಲೆಯ ಹೆಸರು ಮೊದಲೇ ಹೇಳಿ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜೀನ್ ಮಿದುಳಿನಲ್ಲಿ ಡೋಪಮೀನಿಗೇ, ಅಂದರೆ ಚಲನೆಗೆ ಬೇಕಾದ, ನಿಮ್ಮ ಲೆವೊಡೋಪಾ ಅಲ್ಲಿ ಮಾರ್ಪಡುವ ರಾಸಾಯನಿಕಕ್ಕೇ, ಅಡ್ಡ ನಿಲ್ಲುತ್ತವೆ. ನಿಮಗೆ ಅವು ಸಲ್ಲವು.