ನಂಬರ್ ಇಲ್ಲದ ಚಂದ್ರಶಿಲೆ ಅರ್ಧ ಬೆಲೆಗೆ ಸಿಗುತ್ತಿದೆ. ಕೊಂಡು, ಕತ್ತರಿಸಿ ಮಾರಬಹುದಾ?

ಇಲ್ಲಿ ಚಂದ್ರಶಿಲೆ ಅಂದರೆ ಚಂದ್ರನಿಂದ ಸಿಡಿದು ಭೂಮಿಗೆ ಬಿದ್ದ ಉಲ್ಕಾಶಿಲೆ. ನಂಬರ್ ಅಂದರೆ ಲ್ಯಾಬ್ ಪರೀಕ್ಷೆ ಆದ ಮೇಲೆ ಅದಕ್ಕೆ ಸಿಗುವ ಅಧಿಕೃತ ಗುರುತು, 'ಎನ್‌ಡಬ್ಲ್ಯುಎ 7034' ಅನ್ನುವ ಥರದ್ದು. ಚಂದ್ರಶಿಲೆಯ ಬೆಲೆಗೆ ಕೊಳ್ಳಬೇಡಿ, ಅರ್ಧ ಬೆಲೆಯಾದರೂ ಸರಿ. ಕೊಂಡೇ ಕೊಳ್ಳುತ್ತೀರಿ ಅಂದರೆ, ಪರೀಕ್ಷೆ ಆಗುವ ತನಕ ಗರಗಸ ಮುಟ್ಟಿಸಬೇಡಿ.

ನೀವು ಬರೆದಿರುವಂಥದ್ದೇ ಕಲ್ಲು ನನ್ನ ಕೈಗೂ ಬಂದಿತ್ತು. ಮುಷ್ಟಿಯಲ್ಲಿ ಹಿಡಿಸುವಷ್ಟು ದೊಡ್ಡದು. ಬೂದು ಬಣ್ಣ, ನಡುನಡುವೆ ಬಿಳಿ ಚೂರುಗಳು. ಡೀಲರ್ ಹೇಳಿದ ಮಾತು ಕೂಡ ನಿಮಗೆ ಹೇಳಿದ್ದೇ: "ಇದು ಆ ಎನ್‌ಡಬ್ಲ್ಯುಎ ನಂಬರಿನ ಚಂದ್ರಶಿಲೆಯ ಜೊತೆಯದು, ಒಂದೇ ಜಾಗದಲ್ಲಿ ಸಿಕ್ಕಿದ್ದು. ಇನ್ನೂ ಲ್ಯಾಬಿಗೆ ಹೋಗಿಲ್ಲ, ಅದಕ್ಕೇ ಇಷ್ಟು ಕಡಿಮೆ." ಜೊತೆಗೆ ಅವರದೇ ಸಹಿ ಹಾಕಿದ ಸರ್ಟಿಫಿಕೇಟ್. ನಾನು ಉಲ್ಕಾಶಿಲೆ ಕೂಡಿಡಲು ಶುರು ಮಾಡಿ ಆಗಿನ್ನೂ ಹೆಚ್ಚು ಕಾಲ ಆಗಿರಲಿಲ್ಲ. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದದ್ದರ ಒಂದು ಚೂರು ಇತ್ತು, 1947ರಲ್ಲಿ ರಷ್ಯಾದಲ್ಲೇ ಬಿದ್ದ ಸಿಖೋಟೆ-ಅಲಿನ್ ಉಲ್ಕಾಶಿಲೆಯ ಕಬ್ಬಿಣದ ತುಂಡು ಇತ್ತು. ಚಂದ್ರನದು ಮಾತ್ರ ಇರಲಿಲ್ಲ. ಅಪೋಲೊ ಯಾತ್ರಿಗಳು ತಂದ 382 ಕೆಜಿ ಮಾರಾಟಕ್ಕೆ ಬರುವಂಥದ್ದಲ್ಲ. ನಮ್ಮಂಥವರಿಗೆ ಇರುವ ದಾರಿ ಒಂದೇ, ತಾನಾಗಿ ಭೂಮಿಗೆ ಬಿದ್ದದ್ದು. ಆ ಆಸೆ ಎಷ್ಟು ಜೋರಾಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಕಲ್ಲು ಕೊಂಡೆ. ಕತ್ತರಿಸಿದೆ. ತೆಳುವಾದ ಸ್ಲೈಸ್‌ಗಳು, ಎರಡೂ ಕಡೆ ಪಾಲಿಶ್. ಪ್ರತಿಯೊಂದಕ್ಕೂ ಚೆಂದದ ಲೇಬಲ್ ಮಾಡಿ, ಅದರ ಮೇಲೆ ಆ ಇನ್ನೊಂದು ಕಲ್ಲಿನ ನಂಬರ್ ಬರೆದೆ. ಒಂದನ್ನು ಇಟ್ಟುಕೊಂಡೆ. ಕೆಲವನ್ನು ಮಾರಿದೆ, ಉಳಿದವನ್ನು ಗೆಳೆಯರ ಹತ್ತಿರ ಬೇರೆ ಕಲ್ಲುಗಳಿಗೆ ಅದಲುಬದಲು ಮಾಡಿಕೊಂಡೆ. ಕೊಂಡ ಗೆಳೆಯರೊಬ್ಬರಿಗೆ ವಿಶ್ವವಿದ್ಯಾಲಯದ ಲ್ಯಾಬ್ ಒಂದರಲ್ಲಿ ಪರಿಚಯ ಇತ್ತು. ಅವರು ಸುಮ್ನೆ ಕುತೂಹಲಕ್ಕೆ ತಮ್ಮ ಸ್ಲೈಸನ್ನು ಎಲೆಕ್ಟ್ರಾನ್ ಮೈಕ್ರೋಪ್ರೋಬ್‌ನಲ್ಲಿ, ಅಂದರೆ ಖನಿಜದೊಳಗೆ ಏನೇನು ಎಷ್ಟಿದೆ ಅಂತ ಅಳೆಯುವ ಯಂತ್ರದಲ್ಲಿ, ನೋಡಿಸಿದರು. ಕಲ್ಲು ಚಂದ್ರನದ್ದಲ್ಲ. ಯೂಕ್ರೈಟ್.

ಯೂಕ್ರೈಟ್ ಅಂದರೆ ಕಡೆಗಣಿಸುವ ಕಲ್ಲೇನಲ್ಲ. ವೆಸ್ಟಾ ಎಂಬ ಕ್ಷುದ್ರಗ್ರಹದ ಮೇಲ್ಪದರದಿಂದ ಬಂದದ್ದು ಅಂತ ವಿಜ್ಞಾನಿಗಳು ನಂಬುತ್ತಾರೆ. ನಾಸಾದ ಡಾನ್ ನೌಕೆ 2011ರಿಂದ 2012ರವರೆಗೆ ವೆಸ್ಟಾವನ್ನು ಸುತ್ತಿ ನೋಡಿದ ಮೇಲೆ ಆ ನಂಬಿಕೆ ಇನ್ನೂ ಗಟ್ಟಿಯಾಯಿತು. ನನಗೆ ಈಗ ಅವು ತುಂಬಾ ಇಷ್ಟ. ಆದರೆ ಚಂದ್ರಶಿಲೆಯ ಬೆಲೆಗೂ ಯೂಕ್ರೈಟಿನ ಬೆಲೆಗೂ ಅಜಗಜಾಂತರ. ಕಣ್ಣಿಗೆ ಮಾತ್ರ ಎರಡೂ ಒಂದೇ ಥರ ಕಾಣಬಹುದು, ಹೊಡೆತಕ್ಕೆ ಪುಡಿಯಾಗಿ ಮತ್ತೆ ಅಂಟಿಕೊಂಡ ಕಲ್ಲು, ಅದರೊಳಗೆ ಬಿಳಿ ಚೂರು. ವ್ಯತ್ಯಾಸ ಇರುವುದು ಖನಿಜದೊಳಗೆ. ಚಂದ್ರಶಿಲೆಯ ಪೈರಾಕ್ಸೀನ್ ಎಂಬ ಖನಿಜದಲ್ಲಿ ಮ್ಯಾಂಗನೀಸಿಗೆ ಹೋಲಿಸಿದರೆ ಕಬ್ಬಿಣ ಜಾಸ್ತಿ. ಯೂಕ್ರೈಟಿನಲ್ಲಿ ಇರುವ ಅನುಪಾತದ ಸುಮಾರು ಎರಡರಷ್ಟು. ಇದನ್ನು ಯಾವ ಭೂತಗನ್ನಡಿಯೂ ಹೇಳುವುದಿಲ್ಲ.

"ಮ್ಯಾಗ್ನೆಟ್‌ಗೆ ಅಂಟುವುದಿಲ್ಲ, ಹಾಗಾಗಿ ಚಂದ್ರನದೇ" ಅಂತ ನೀವು ಬರೆದಿದ್ದೀರಿ. ಯೂಕ್ರೈಟೂ ಹೆಚ್ಚುಕಡಿಮೆ ಅಂಟುವುದಿಲ್ಲ. ಭೂಮಿಯ ಮೇಲಿನ ಎಷ್ಟೋ ಕಲ್ಲುಗಳೂ ಅಂಟುವುದಿಲ್ಲ. ಅಷ್ಟೇ ಅಲ್ಲ, ಬಲವಾದ ಮ್ಯಾಗ್ನೆಟ್ ಹತ್ತಿರ ತಂದರೆ ಕಲ್ಲಿನೊಳಗೆ ಕೋಟ್ಯಂತರ ವರ್ಷದಿಂದ ಉಳಿದಿದ್ದ ಕಾಂತೀಯ ಗುರುತು ಅಳಿಸಿಹೋಗುತ್ತದೆ. 'ಬ್ಲ್ಯಾಕ್ ಬ್ಯೂಟಿ' ಅಂತ ಕರೆಯುವ ಮಂಗಳದ ಕಲ್ಲು, ಎನ್‌ಡಬ್ಲ್ಯುಎ 7034, ಇದಕ್ಕೇ ಬಲಿಯಾಯಿತು. ಹಳೆಯ ಮಂಗಳದ ಕಾಂತಕ್ಷೇತ್ರದ ಬಗ್ಗೆ ಹೇಳಬಹುದಾಗಿದ್ದ ಕಲ್ಲು ಅದು. ದಯವಿಟ್ಟು ಆ ಮ್ಯಾಗ್ನೆಟ್ ದೂರ ಇಡಿ.

ನಾನು ಮಾಡಿದ ತಪ್ಪು ಯಾವುದು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ಇದನ್ನು ಬೇರೆ ಥರ ತಿಳಿದುಕೊಳ್ಳುತ್ತಾರೆ. ಡೀಲರ್ ಮೋಸ ಮಾಡಿದರು ಅಂತ ಗೆಳೆಯರು ಹೇಳಿದರು. ನನಗೆ ಹಾಗನ್ನಿಸಲಿಲ್ಲ. ಅವರೂ ಯಾರೋ ಹೇಳಿದ್ದನ್ನು ನಂಬಿದ್ದರು. ನಂಬರ್ ಇಲ್ಲದ ಕಲ್ಲು ಕೊಂಡದ್ದೂ ತಪ್ಪಲ್ಲ. ಎಷ್ಟೋ ಒಳ್ಳೆಯ ಕಲ್ಲುಗಳು ಬೆಳಕಿಗೆ ಬಂದದ್ದು ಹೀಗೆ ಯಾರೋ ಧೈರ್ಯ ಮಾಡಿ ಕೊಂಡದ್ದರಿಂದಲೇ. ತಪ್ಪು ಇದ್ದದ್ದು ಕೆಲಸದ ಕ್ರಮದಲ್ಲಿ. ಮೊದಲು ಕತ್ತರಿಸಿದೆ, ಆಮೇಲೆ ಹೆಸರಿಟ್ಟೆ, ಆಮೇಲೆ ಹಂಚಿದೆ. ಪರೀಕ್ಷೆ ಎಲ್ಲಕ್ಕಿಂತ ಕೊನೆಗೆ, ಅದೂ ಬೇರೆಯವರು ಮಾಡಿಸಿದ್ದು.

ಎನ್‌ಡಬ್ಲ್ಯುಎ ಅಂದರೆ ನಾರ್ತ್‌ವೆಸ್ಟ್ ಆಫ್ರಿಕಾ. ಮೊರಾಕ್ಕೊ ಮತ್ತು ಅಕ್ಕಪಕ್ಕದ ಮಾರುಕಟ್ಟೆಗೆ ಬಂದ, ನಿಖರವಾಗಿ ಎಲ್ಲಿ ಸಿಕ್ಕಿತು ಅಂತ ಗೊತ್ತಿಲ್ಲದ ಕಲ್ಲುಗಳಿಗೆ ಈ ಹೆಸರು. ಜಾಗ ಗೊತ್ತಿಲ್ಲದ್ದಕ್ಕೇ ಬರೀ ನಂಬರ್. ಅಂದಮೇಲೆ "ಒಂದೇ ಜಾಗದಲ್ಲಿ ಸಿಕ್ಕಿದ್ದು" ಅನ್ನುವ ಮಾತಿಗೆ ಆಧಾರ ಏನು? ಮರುಭೂಮಿಯಲ್ಲಿ ಕಲ್ಲು ಆಯುವ ಅಲೆಮಾರಿಗಳಿಂದ ದಲ್ಲಾಳಿಗೆ, ದಲ್ಲಾಳಿಯಿಂದ ಎರ್ಫೌದ್‌ನಂಥ ಊರಿನ ವ್ಯಾಪಾರಿಗೆ, ಅಲ್ಲಿಂದ ಅಮೆರಿಕದ ಟೂಸಾನ್‌ನ ಕಲ್ಲುಗಳ ಮೇಳಕ್ಕೆ. ಇಷ್ಟು ಕೈ ದಾಟಿದ ಮೇಲೆ ಉಳಿಯುವುದು "ಒಂದೇ ಚೀಲದಲ್ಲಿ ಬಂದದ್ದು" ಅನ್ನುವಷ್ಟೇ. ನಿಜಕ್ಕೂ ಅಕ್ಕಪಕ್ಕದಲ್ಲೇ ಬಿದ್ದಿದ್ದವು ಅಂತಲೇ ಇಟ್ಟುಕೊಳ್ಳಿ. ಒಣ ಮರುಭೂಮಿಯಲ್ಲಿ ಸಾವಿರಾರು ವರ್ಷ ಉಲ್ಕಾಶಿಲೆ ಹಾಗೇ ಉಳಿಯುತ್ತದೆ. ಬೇರೆ ಬೇರೆ ಕಾಲದಲ್ಲಿ ಬಿದ್ದವು ಒಂದೇ ಮರಳಿನ ಮೇಲೆ ಇರುತ್ತವೆ.

ಆ ನಂಬರನ್ನು ಕೊಡುವುದು ಉಲ್ಕಾಶಿಲೆ ವಿಜ್ಞಾನಿಗಳ ಸಂಘವಾದ ಮೀಟಿಯೊರಿಟಿಕಲ್ ಸೊಸೈಟಿಯ ನಾಮಕರಣ ಸಮಿತಿ, ಲ್ಯಾಬಿನವರು ಪರೀಕ್ಷಿಸಿ ವಿವರ ಸಲ್ಲಿಸಿದ ಕಲ್ಲಿಗೆ ಮಾತ್ರ. ಅದನ್ನು ನನ್ನ ಕಲ್ಲಿಗೆ ಹಾಕಿದ್ದು ಇನ್ನೊಬ್ಬರ ಗಾಡಿಯ ನಂಬರ್ ಪ್ಲೇಟನ್ನು ನಮ್ಮ ಗಾಡಿಗೆ ಹಾಕಿಕೊಂಡ ಹಾಗೆ. ಎರಡೂ ಒಂದೇ ಕಂಪನಿಯ, ಒಂದೇ ಬಣ್ಣದ ಗಾಡಿ ಆಗಿದ್ದರೂ ಅದು ತಪ್ಪೇ. ಎರಡು ಕಲ್ಲು ಒಂದೇ ಸಲ ಒಟ್ಟಿಗೆ ಬಿದ್ದವು ಅಂತ ಹೇಳುವುದಕ್ಕೆ ನಮ್ಮವರು 'ಪೇರಿಂಗ್' ಅನ್ನುತ್ತಾರೆ. ಅದನ್ನು ಮಾಡಬೇಕಾದದ್ದು ಲ್ಯಾಬ್. ಡೀಲರ್ ಮಾಡಿದರೆ, ನಾನು ಮಾಡಿದರೆ, ಅದು ಬರೀ ಊಹೆ.

ಕತ್ತರಿಸಿದ್ದರಿಂದ ಇನ್ನೊಂದು ಬಾಗಿಲೂ ಮುಚ್ಚಿತು. ಹೊಸ ನಂಬರ್ ಬೇಕೆಂದರೆ ಕಲ್ಲಿನ ಒಟ್ಟು ತೂಕದ ಶೇಕಡ 20, ಅಥವಾ 20 ಗ್ರಾಂ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮ್ಯೂಸಿಯಂ ಅಥವಾ ಅಂಥ ಸಂಸ್ಥೆಗೆ ಶಾಶ್ವತವಾಗಿ ಕೊಡಬೇಕು. ಮುಂದೆ ಯಾರಿಗೆ ಅನುಮಾನ ಬಂದರೂ ತೆಗೆದು ನೋಡಲು ಒಂದು ಮಾದರಿ ಇರಲಿ ಅಂತ. ಕಲ್ಲು ಇಡಿಯಾಗಿ ಇದ್ದಾಗ ಒಂದು ತುದಿ ಕತ್ತರಿಸಿ ಕಳಿಸುವುದು ಸುಲಭವಾಗಿತ್ತು. ನನಗೆ ವಿಷಯ ಗೊತ್ತಾಗುವ ಹೊತ್ತಿಗೆ ಕೈಯಲ್ಲಿ ಉಳಿದಿದ್ದದ್ದು ಒಂದೇ ಸ್ಲೈಸ್. ಕಲ್ಲಿನ ಒಂದು ಭಾಗ ಬ್ಲೇಡಿನಡಿ ಪುಡಿಯಾಗಿ ಹೋಗಿತ್ತು. ಬೀಳುವಾಗ ಮೇಲ್ಮೈ ಕರಗಿ ಆದ ಕರಿ ಸಿಪ್ಪೆ ಇದ್ದ ಮೂಲೆಯನ್ನು, "ನೋಡಲು ಚೆಂದ" ಅಂತ ಕೇಳಿದವರಿಗೆ ಕೊಟ್ಟುಬಿಟ್ಟಿದ್ದೆ. ಅದೇ ಸಿಪ್ಪೆ ಮಿರಮಿರ ಹೊಳೆಯುತ್ತಿತ್ತು. ಯೂಕ್ರೈಟಿನಲ್ಲಿ ಆ ಹೊಳಪು ಸಾಮಾನ್ಯ. ಅನುಭವ ಇದ್ದ ಒಬ್ಬರಿಗೆ ಇಡೀ ಕಲ್ಲಿನ ಫೋಟೊ ತೋರಿಸಿದ್ದರೂ ಸಾಕಿತ್ತು, ಅವರು ತಡೆಯುತ್ತಿದ್ದರು.

ಕೊಂಡವರಿಗೆಲ್ಲ ಬರೆದು ದುಡ್ಡು ವಾಪಸ್ ಮಾಡಿದೆ. ಅದಲುಬದಲಿನಲ್ಲಿ ಬಂದ ಕಲ್ಲುಗಳನ್ನೂ ಹಿಂದಿರುಗಿಸಿದೆ. ದುಡ್ಡಿನ ನಷ್ಟ ಹೇಗೋ ಭರಿಸಿಕೊಂಡೆ. ಆದರೆ ಕೆಲವು ಸ್ಲೈಸ್‌ಗಳು ಅಷ್ಟರಲ್ಲಿ ಮೂರನೆಯವರ ಕೈಗೆ ಹೋಗಿದ್ದವು. ಅವರು ಯಾರು ಅಂತ ಗೊತ್ತಾಗಲಿಲ್ಲ. ಅವು ಇಂದಿಗೂ ನನ್ನ ಕೈಬರಹದ ತಪ್ಪು ನಂಬರ್ ಹೊತ್ತುಕೊಂಡು ಯಾರದೋ ಸಂಗ್ರಹದಲ್ಲಿವೆ. ನಿಜವಾದ ಆ ಚಂದ್ರಶಿಲೆಯ ಸ್ಲೈಸ್ ಇಟ್ಟುಕೊಂಡವರ ಮೇಲೂ ಇದರಿಂದ ಅನುಮಾನ ಬೀಳುತ್ತದೆ. ಇದು ನನ್ನನ್ನು ಕಾಡುವಷ್ಟು ಆ ದುಡ್ಡು ಕಾಡಿಲ್ಲ.

ಇನ್ನು ಸರ್ಟಿಫಿಕೇಟ್. ಪ್ರಿಂಟರ್ ಇರುವ ಯಾರು ಬೇಕಾದರೂ ಅದನ್ನು ಮಾಡಬಹುದು. ಅದರ ಬದಲು ಮೀಟಿಯೊರಿಟಿಕಲ್ ಬುಲೆಟಿನ್ ಡೇಟಾಬೇಸ್, ಅಂದರೆ ಆ ಸೊಸೈಟಿಯದೇ ಉಲ್ಕಾಶಿಲೆಗಳ ಪಟ್ಟಿ, ನೋಡಿ. ಎಲ್ಲರಿಗೂ ಉಚಿತ. ಡೀಲರ್ ಹೇಳಿದ ನಂಬರ್ ಹಾಕಿದರೆ ಒಟ್ಟು ತೂಕ ಎಷ್ಟು, ಎಷ್ಟು ತುಂಡು, ಮಾದರಿ ಎಲ್ಲಿದೆ, ದೊಡ್ಡ ಭಾಗ ಯಾರ ಹತ್ತಿರ ಇದೆ ಅಂತ ಬರುತ್ತದೆ. ಅಲ್ಲಿ "ಒಂದೇ ಕಲ್ಲು" ಅಂತ ಇದ್ದು, ನಿಮ್ಮ ಮುಂದೆ ಎರಡನೆಯದು ಇದ್ದರೆ ಉತ್ತರ ಸಿಕ್ಕಂತೆ.

"ಆಕಾಶದಿಂದ ಬಿದ್ದದ್ದು ಯಾರಿಗೂ ಸೇರಿದ್ದಲ್ಲ ಅಲ್ವಾ" ಅಂತ ಕೊನೆಗೆ ಕೇಳಿದ್ದೀರಿ. ಸೇರಿದ್ದೇ. ಈ ಜಗಳ ಹೊಸದೂ ಅಲ್ಲ. 1890ರಲ್ಲಿ ಅಮೆರಿಕದ ಅಯೋವಾದಲ್ಲಿ ಒಂದು ಹುಲ್ಲುಗಾವಲಿಗೆ ಉಲ್ಕಾಶಿಲೆ ಬಿತ್ತು. ಅಗೆದು ತೆಗೆದವನು ಅದನ್ನು 105 ಡಾಲರ್‌ಗೆ ಮಾರಿದ. 1892ರಲ್ಲಿ ಅಯೋವಾ ರಾಜ್ಯದ ಸುಪ್ರೀಂ ಕೋರ್ಟ್, ಕಲ್ಲು ಜಮೀನಿನ ಒಡೆಯನದ್ದು ಅಂತ ತೀರ್ಪು ಕೊಟ್ಟಿತು. ಅದೇ ದೇಶದಲ್ಲಿ ಸರ್ಕಾರಿ ನೆಲ ನೋಡಿಕೊಳ್ಳುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್ಮೆಂಟ್ 2012ರಲ್ಲಿ ನಿಯಮ ಮಾಡಿತು. ಅದರ ಸುಪರ್ದಿಯ ನೆಲದಲ್ಲಿ ಒಬ್ಬರು ವರ್ಷಕ್ಕೆ 10 ಪೌಂಡ್, ಅಂದರೆ ಸುಮಾರು 4.5 ಕೆಜಿ, ಆಯ್ದುಕೊಳ್ಳಬಹುದು, ಸ್ವಂತಕ್ಕೆ ಮಾತ್ರ. ಮಾರಬೇಕೆಂದರೆ ಬೇರೆ ಅನುಮತಿ ಬೇಕು. ಡೆನ್ಮಾರ್ಕಿನಲ್ಲಿ ಸಿಕ್ಕಿದ್ದನ್ನು ಸರ್ಕಾರಕ್ಕೆ ಒಪ್ಪಿಸಬೇಕು, ಅವರು ಬಹುಮಾನ ಕೊಡುತ್ತಾರೆ. ನನಗೆ ಇದು ಎಲ್ಲಕ್ಕಿಂತ ನ್ಯಾಯವಾಗಿ ಕಾಣುತ್ತದೆ. ಅರ್ಜೆಂಟೀನಾ 2007ರಲ್ಲಿ ಉಲ್ಕಾಶಿಲೆಗಳನ್ನು ಸಾಂಸ್ಕೃತಿಕ ಆಸ್ತಿ ಅಂತ ಕಾನೂನು ಮಾಡಿತು. ಹಾಗಾಗಿ ಅಲ್ಲಿನ ಕಾಂಪೊ ಡೆಲ್ ಸಿಯೆಲೊ ಉಲ್ಕಾಶಿಲೆಯ ಕಬ್ಬಿಣ ಕೊಳ್ಳುವಾಗ ಅದು ದೇಶ ಬಿಟ್ಟದ್ದು ಯಾವಾಗ ಅನ್ನುವುದಕ್ಕೆ ಕಾಗದ ಕೇಳಲೇಬೇಕು.

2025ರ ಜುಲೈನಲ್ಲಿ ಏನಾಯಿತು ನೋಡಿ. ಎನ್‌ಡಬ್ಲ್ಯುಎ 16788, ಮಂಗಳದ ಕಲ್ಲು, ಸುಮಾರು 24.7 ಕೆಜಿ. ನ್ಯೂಯಾರ್ಕಿನ ಹರಾಜಿನಲ್ಲಿ ಶುಲ್ಕ ಸೇರಿ ಸುಮಾರು 53 ಲಕ್ಷ ಡಾಲರ್‌ಗೆ ಹೋಯಿತು. ಅದು 2023ರಲ್ಲಿ ನೈಜರ್ ದೇಶದಲ್ಲಿ ಸಿಕ್ಕಿದ್ದು ಅಂತ ಹೇಳುತ್ತಾರೆ. ಹರಾಜಿನ ನಂತರ ನೈಜರ್ ಸರ್ಕಾರ ಅದು ದೇಶದಿಂದ ಹೊರಗೆ ಹೋದದ್ದು ಹೇಗೆ ಅಂತ ತನಿಖೆಗೆ ಆದೇಶ ಮಾಡಿತು. ಲ್ಯಾಬ್ ಪರೀಕ್ಷೆ, ನಂಬರ್ ಎಲ್ಲ ಇದ್ದ ಕಲ್ಲಿಗೇ ಈ ಪ್ರಶ್ನೆ ಬರುತ್ತದೆ. ನಂಬರೂ ಇಲ್ಲದ, ಬಾಯಿಮಾತಿನ ಕಲ್ಲನ್ನು ನೀವು ನಾಳೆ ಯಾರಿಗೆ ಮಾರುತ್ತೀರಿ, ಏನಂತ ಹೇಳಿ ಮಾರುತ್ತೀರಿ?

ಇಟ್ಟುಕೊಂಡರೆ ಮುಂದೆ ಬೆಲೆ ಏರುತ್ತದೆ ಅನ್ನುವ ಲೆಕ್ಕವನ್ನಂತೂ ನಾನು ಒಪ್ಪುವುದಿಲ್ಲ. ಸಹಾರಾದಿಂದ ದೊಡ್ಡ ದೊಡ್ಡ ಚಂದ್ರಶಿಲೆಗಳು ಬರತೊಡಗಿದ ಮೇಲೆ ಗ್ರಾಮಿನ ಬೆಲೆ ಇಳಿದಿದೆ, ಏರಿಲ್ಲ. ನಾಳೆ ಇನ್ನೊಂದು ದೊಡ್ಡದು ಸಿಕ್ಕರೆ ಮತ್ತೆ ಇಳಿಯುತ್ತದೆ. ಲಾಭಕ್ಕೇ ಬಂದಿದ್ದರೆ ಬೇರೆ ಏನಾದರೂ ಕೊಳ್ಳಿ. ಕಲ್ಲು ಇಷ್ಟ ಅಂತ ಬಂದಿದ್ದರೆ ಇಲ್ಲೇ ಇರಿ, ನಿಮ್ಮಂಥವರು ಬೇಕು.

ಈಗ ಮಾಡಬೇಕಾದ್ದು ಇಷ್ಟು. ಡೀಲರಿಗೆ ಹೇಳಿ: ಪರೀಕ್ಷೆ ಆಗದ ಕಲ್ಲಿನ ಬೆಲೆಗೆ ಕೊಟ್ಟರೆ ತೆಗೆದುಕೊಳ್ಳುತ್ತೇನೆ. ಅಥವಾ ಒಂದು ತುದಿಯನ್ನು ನೀವೇ ಲ್ಯಾಬಿಗೆ ಕಳಿಸಿ, ಫಲಿತಾಂಶ ಬಂದ ಮೇಲೆ ಬೆಲೆ ಮಾತಾಡೋಣ. ಲ್ಯಾಬುಗಳಲ್ಲಿ ಸಾಲು ದೊಡ್ಡದು, ತಿಂಗಳುಗಟ್ಟಲೆ ಆಗಬಹುದು, ಕಾಯಿರಿ. ಕಲ್ಲು ಯಾರಿಂದ ಬಂತು, ಯಾವ ದೇಶದಿಂದ, ಯಾವ ಕಾಗದದ ಮೇಲೆ ಹೊರಬಂತು ಅಂತ ಬರವಣಿಗೆಯಲ್ಲಿ ಕೇಳಿ. ಅವರು ಕೊಡುವ ಚೀಟಿ ಎಷ್ಟು ಕೊಳಕಾಗಿದ್ದರೂ ಎಸೆಯಬೇಡಿ, ಕಲ್ಲಿನ ಜೊತೆಗೇ ಇಡಿ. ಎರಡಕ್ಕೂ ಒಪ್ಪದೆ "ಬೇರೆಯವರು ಕಾಯುತ್ತಿದ್ದಾರೆ, ಇವತ್ತೇ ಹೇಳಿ" ಅಂದರೆ ಅವರಿಗೇ ಕೊಡಲು ಬಿಡಿ. ಅದೇ ದುಡ್ಡಿಗೆ ಉಗುರಿನಷ್ಟು ಚಿಕ್ಕದಾದರೂ ಸ್ವಂತ ನಂಬರ್ ಇರುವ ಚಂದ್ರಶಿಲೆ ಸಿಗುತ್ತದೆ. ಅದನ್ನು ಕೊಳ್ಳಿ.