ಪರೀಕ್ಷೆಗೊಂದು, ಪ್ರಾರ್ಥನೆಗೊಂದು?

ಪ್ರಶ್ನೆ: ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ನಮ್ಮದು ಸಂಜೆಯ ಜಪಮಾಲೆ ಒಂದು ದಿನವೂ ತಪ್ಪದ ಮನೆ. ಮೊನ್ನೆ ಪ್ರಾರ್ಥನಾ ಕೂಟಕ್ಕೆ ಬಂದ ಬೋಧಕರೊಬ್ಬರು, ಡಾರ್ವಿನ್ನನನ್ನು ಒಪ್ಪಿದವರು ದೇವರನ್ನು ಬಿಟ್ಟಂತೆ ಅಂದರು. ಪರೀಕ್ಷೆಯಲ್ಲಿ ಒಂದು ಬರೆದು ಮನಸ್ಸಿನಲ್ಲಿ ಇನ್ನೊಂದು ನಂಬುವುದು ಮೋಸವಲ್ಲವೇ ಟೀಚರ್?
– ಹೆಸರು ಬೇಡ, ಉಡುಪಿ

ಉತ್ತರ: ಮೋಸವೇ ಮಗಳೇ. ಹಾಗೆ ಬದುಕಬೇಡ. ನಾನು 29 ವರ್ಷ ವಾರದ ದಿನಗಳಲ್ಲಿ ಜೀವಶಾಸ್ತ್ರ ಕಲಿಸಿದೆ, ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟೆ. ಎರಡು ಕಡೆ ಎರಡು ಮಾತು ಆಡಬೇಕಾದ ಪ್ರಸಂಗ ಬರಲಿಲ್ಲ.

ಮೊದಲು ಬೈಬಲನ್ನೇ ತೆಗೆ. ಆದಿಕಾಂಡದ ಒಂದನೇ ಅಧ್ಯಾಯದಲ್ಲಿ ಪ್ರಾಣಿಗಳಾದ ಮೇಲೆ ಮನುಷ್ಯ. ಎರಡನೆಯದರಲ್ಲಿ ಮನುಷ್ಯನಾದ ಮೇಲೆ ಪ್ರಾಣಿಗಳು. ಅಕ್ಕಪಕ್ಕದಲ್ಲೇ ಇಟ್ಟ ಹಿರಿಯರಿಗೆ ಇದು ಕಾಣಲಿಲ್ಲವೇ? ಸೂರ್ಯ ಹುಟ್ಟುವುದು ನಾಲ್ಕನೇ ದಿನ. ಹಾಗಾದರೆ ಮೊದಲ ಮೂರು ದಿನ ಸಂಜೆ, ಬೆಳಗು ಆದದ್ದು ಹೇಗೆ? ಹೀಗೆ ಕೇಳಿ ತಲೆಕೆಡಿಸಿಕೊಂಡವರು ನಾಸ್ತಿಕರಲ್ಲ, ಸಂತ ಅಗಸ್ಟೀನರು. ಅದೂ ಡಾರ್ವಿನ್‌ಗಿಂತ 1,400 ವರ್ಷ ಹಿಂದೆ. ಆ ಅಧ್ಯಾಯಗಳು ಈ ಲೋಕವನ್ನು ಯಾರು ಮಾಡಿದರು, ನಾವು ಯಾರಿಗೆ ಸೇರಿದವರು ಎಂದು ಹೇಳುತ್ತವೆ. ಎಷ್ಟು ಗಂಟೆ ಹಿಡಿಯಿತು ಎಂಬುದು ಅವುಗಳ ಚಿಂತೆಯಲ್ಲ.

ನಮ್ಮ ಕಥೋಲಿಕ ಸಭೆಯೂ ಈ ಬಾಗಿಲು ಮುಚ್ಚಿಲ್ಲ. ಮನುಷ್ಯನ ದೇಹ ಹಿಂದಿನ ಜೀವಿಗಳಿಂದ ಬಂತೇ ಎಂದು ವಿದ್ವಾಂಸರು ವಿಚಾರಿಸಬಹುದು, ಆತ್ಮ ಮಾತ್ರ ನೇರವಾಗಿ ದೇವರಿಂದಲೇ ಎಂದು 1950ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಬರೆದರು. ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಎಂದು 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹೇಳಿದರು. ಆ ಬೋಧಕರಿಗೆ ಇದು ಗೊತ್ತಿದ್ದಿದ್ದರೆ ಚೆನ್ನಾಗಿತ್ತು.

ಇನ್ನು ನಿನ್ನ ಪಾಠ. ಆಡು, ನಾಯಿ, ಬೆಕ್ಕು ತಮಗೆ ಬೇಕಾದ ಸಿ ವಿಟಮಿನ್ ಅನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ನಮಗೆ ನೆಲ್ಲಿಕಾಯಿಯೋ ಲಿಂಬೆಯೋ ಬೇಕು. ಅದನ್ನು ತಯಾರಿಸುವ ಜೀನ್ ನಮ್ಮಲ್ಲಿ ಇಲ್ಲವೆಂದಲ್ಲ; ಇದೆ, ಕೆಟ್ಟು ಕೂತಿದೆ. ಚಿಂಪಾಂಜಿಯಲ್ಲೂ ಕೆಟ್ಟಿದೆ. ಒಂದೇ ಹಳೆಯ ಮನೆಯಿಂದ ಇಬ್ಬರಿಗೂ ಬಂದ ಮುರುಕು ಪಾತ್ರೆಯ ಹಾಗೆ. ದೇವರು ಸುಳ್ಳು ಗುರುತು ಇಟ್ಟು ನಮ್ಮನ್ನು ದಾರಿ ತಪ್ಪಿಸುವವನಲ್ಲ ಎಂದು ನಂಬುವವಳು ನಾನು. ಅದಕ್ಕೇ ಈ ಗುರುತನ್ನೂ ನಂಬುತ್ತೇನೆ.

ನನ್ನನ್ನು ನಿಜವಾಗಿ ಕಾಡಿದ್ದು ಆರು ದಿನಗಳ ಲೆಕ್ಕವಲ್ಲ, ಸಾವು. ಮನುಷ್ಯ ಬರುವ ಮುಂಚೆಯೇ ಕೋಟಿಗಟ್ಟಲೆ ವರ್ಷ ಮರಿಗಳು ಹಸಿದು ಸತ್ತಿವೆ. ಪಾಪದಿಂದ ಮರಣ ಬಂತು ಎಂದು ಕಲಿತವಳಿಗೆ ಇದು ಸುಲಭವಲ್ಲ. ಅಕ್ಕನ ಎಂಟು ತಿಂಗಳ ಕೂಸನ್ನು ಮಣ್ಣು ಮಾಡಿದ ವರ್ಷ ಈ ಪಾಠ ಬಂದಾಗ ಬೋರ್ಡಿನ ಕಡೆ ತಿರುಗಿಯೇ ನಿಂತಿದ್ದೆ. ಸೃಷ್ಟಿಯೆಲ್ಲ ಹೆರಿಗೆ ನೋವಿನಲ್ಲಿ ನರಳುತ್ತಿದೆ ಎಂದು ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ ಎಂಟನೇ ಅಧ್ಯಾಯದಲ್ಲಿದೆ. ಅದು ಉತ್ತರವಲ್ಲ. ಆದರೂ ಆ ರಾತ್ರಿಗಳಲ್ಲಿ ಅದನ್ನೇ ಹಿಡಿದುಕೊಂಡಿದ್ದೆ, ಈಗಲೂ ಹಿಡಿದುಕೊಂಡಿದ್ದೇನೆ.

ಬೋಧಕರ ಮೇಲೆ ಸಿಟ್ಟು ಬೇಡ. ಮುಂದಿನ ಕೂಟಕ್ಕೆ ಆ ಎರಡು ಅಧ್ಯಾಯ ಓದಿಕೊಂಡು ಹೋಗಿ, ಪ್ರಾಣಿಗಳು ಮೊದಲೋ ಮನುಷ್ಯ ಮೊದಲೋ ಎಂದು ವಿನಯದಿಂದ ಕೇಳು. ಏನಂದರು ಅಂತ ನನಗೆ ಬರೆ.