ಟೈಲರಕ್ಕನ ಚಾಳೀಸು

ಮಂಡ್ಯದಲ್ಲಿ ವಾರಕ್ಕೆ ಎರಡು ದಿನ ಆಪ್ತಸಲಹೆಗೆ ಕೂರುತ್ತೇನೆ. ಅಲ್ಲಿಗೆ ಬಂದ ಒಬ್ಬರ ಕತೆ ಇದು. ಅವರ ಒಪ್ಪಿಗೆ ಕೇಳಿದ್ದೇನೆ, ಗುರುತು ಸಿಗದ ಹಾಗೆ ಒಂದಷ್ಟು ವಿವರ ಬದಲಿಸಿದ್ದೇನೆ. ಹೆಸರು ಬೇಡ, ಟೈಲರಕ್ಕ ಅನ್ನೋಣ.

ವಯಸ್ಸು 45. ಮನೆಯ ಮುಂದಿನ ಕೋಣೆಯೇ ಅಂಗಡಿ. ಬ್ಲೌಸ್, ಫಾಲ್, ಸೀರೆ ಕುಚ್ಚು. ಬಂದಾಗ ಹೇಳಿಕೊಂಡಿದ್ದು ಕಣ್ಣಿನ ತೊಂದರೆ ಅಲ್ಲವೇ ಅಲ್ಲ. "ಸುಮ್‌ಸುಮ್ನೆ ರೇಗ್ತೀನಿ ಮೇಡಂ. ಸಂಜೆ ಆದ್ರೆ ತಲೆನೋವು. ಅಂಗಡಿ ಮುಚ್ಬುಡನಾ ಅನ್ನುಸ್ತದೆ." ಬಿಪಿ, ಥೈರಾಯ್ಡ್ ನೋಡಿಸಿದ್ದರು, ಎರಡೂ ಸರಿಯಿತ್ತು. ಮುಟ್ಟು ನಿಲ್ಲುವ ಕಾಲದ ಕಿರಿಕಿರಿ ಇರಬೇಕು ಅಂತ ಯಾರೋ ಹೇಳಿದ್ದರು. ನಾನೂ ಮೊದಲ ಅರ್ಧ ಗಂಟೆ ಅದನ್ನೇ ಕೆದಕಿದೆ. ಏನೂ ಸಿಗಲಿಲ್ಲ.

ಸುಳಿವು ಸಿಕ್ಕಿದ್ದು ಕೆಲಸಕ್ಕೆ ಬರುವ ಹುಡುಗಿಯ ಮಾತು ಬಂದಾಗ. ಆ ಹುಡುಗಿ ದಿನಾ ಸಂಜೆ ಹೊರಡುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ, ಹಳೇ ಕ್ಯಾಲೆಂಡರಿನ ರಟ್ಟಿಗೆ ಸಾಲಾಗಿ ಚುಚ್ಚಿಟ್ಟು ಹೋಗಬೇಕು. ಕೆಂಪು ಎರಡು, ಹಸಿರು ಎರಡು, ಬಿಳಿ ಎರಡು, ಕಪ್ಪು ನಾಲ್ಕು. ರಾತ್ರಿ ಹುಕ್ಕು ಹಾಕಲು, ಹೆಮ್ಮಿಂಗ್ ಮಾಡಲು. ಯಾಕೆ ಅಂತ ಅವಳೂ ಕೇಳಿಲ್ಲ, ಇವರೂ ಹೇಳಿಲ್ಲ. ಊರ ಹಬ್ಬಕ್ಕೆ ಅಂತ ಅವಳು ಒಂದು ವಾರ ರಜೆ ಹಾಕಿದಳು. ರಟ್ಟಿನ ಮೇಲಿನ ಸೂಜಿಗಳು ಎರಡೇ ರಾತ್ರಿಗೆ ಮುಗಿದವು. ಮೂರನೇ ದಿನ ಅಳತೆ ಪುಸ್ತಕದ 6 ಇವರ ಕಣ್ಣಿಗೆ 8 ಆಯಿತು. ಮದುವೆ ಹುಡುಗಿಯ ಬ್ಲೌಸಿನ ಬೆನ್ನು ಎರಡು ಇಂಚು ಜಾಸ್ತಿ ಇಳಿದುಬಿಟ್ಟಿತು. ರೇಷ್ಮೆ ಸೀರೆಯ ಜೊತೆಗೇ ಬಂದಿದ್ದ ಪೀಸ್ ಅದು, ಇನ್ನೊಂದು ಎಲ್ಲಿಂದ ತರೋದು? ರಜೆ ಮುಗಿಸಿ ಬಂದ ಹುಡುಗಿಗೆ ಆ ದಿನ ಚೆನ್ನಾಗಿ ಬೈಗುಳ ಬಿತ್ತು.

"ಕಣ್ಣು ತೋರ್ಸಿದ್ರಾ ಅಕ್ಕ?" ಅಂದೆ.

ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತರು. "ತೋರ್ಸಿ ಕನ್ನಡಕನೂ ಮಾಡ್ಸಿದ್ದೆ. ಬೀರುಲದೆ." ಎರಡು ವರ್ಷದಿಂದ!

ಮೊದಲ ಸಲ ಹಾಕಿಕೊಂಡ ದಿನವೇ ನಾದಿನಿ ಬಂದಿದ್ದರಂತೆ. "ಅತ್ತಿಗೆಗೆ ಆಗ್ಲೇ ಚಾಳೀಸು ಬಂತಾ? ನಮ್ಮಣ್ಣಂಗೆ ಇನ್ನೂ ಬಂದಿಲ್ವಲ್ಲ!" ತಮಾಷೆಗೇ ಅಂದಿರಬಹುದು. ಆದರೆ ಟೈಲರಕ್ಕ ಗಂಡನಿಗಿಂತ ಮೂರು ವರ್ಷ ದೊಡ್ಡವರು. ಮದುವೆ ಮಾತುಕತೆಯಲ್ಲಿ ಹಿರಿಯರು ವಯಸ್ಸು ಇಳಿಸಿ ಹೇಳಿದ್ದರು. ಗಂಡನಿಗೆ ಆಧಾರ್ ಮಾಡಿಸುವಾಗ ಗೊತ್ತಾಗಿದೆ. ಅವರು ಕೇಳಿಲ್ಲ, ಇವರು ಹೇಳಿಲ್ಲ. ಗಂಡನ ಕಡೆಯವರಿಗೆ ಇವತ್ತಿಗೂ ತಿಳಿಯದು.

ನಮ್ಮ ಈ ಪದವೂ ಒಂದು ಥರ ಚಾಡಿಕೋರ. ಕನ್ನಡಕ ಅಂದರೆ ಬರೀ ವಸ್ತು. ಚಾಳೀಸು ಅಂದರೆ ಮರಾಠಿಯಲ್ಲಿ ನಲವತ್ತು. ಮೂಗಿನ ಮೇಲೆ ಇಟ್ಟುಕೊಂಡರೆ ವಯಸ್ಸನ್ನೇ ಬರೆದುಕೊಂಡ ಹಾಗೆ ಅಲ್ವಾ?

ಇಲ್ಲಿ ನಾನೊಂದು ಎಡವಟ್ಟು ಮಾಡಿದೆ. ನನ್ನದೇ ಕನ್ನಡಕ ತೆಗೆದುಕೊಟ್ಟು "ಒಂದ್ಸಲ ಹಾಕ್ಕೊಂಡು ನೋಡಿ" ಅಂದೆ. ಅಕ್ಷರ ಸ್ಪಷ್ಟ ಕಂಡರೆ ಮನಸ್ಸು ಬದಲಾಗುತ್ತದೆ ಅಂತ ನನ್ನ ಲೆಕ್ಕ. ಅವರು ಅಕ್ಷರ ನೋಡಲೇ ಇಲ್ಲ. ಕೈ ನೋಡಿಕೊಂಡರು. "ಅಯ್ಯೋ, ನನ್ ಕೈ ಇಷ್ಟೊಂದು ಸುಕ್ಕಾಗದಾ?" ತಕ್ಷಣ ತೆಗೆದು ಮೇಜಿನ ಮೇಲಿಟ್ಟರು. ಆ ದಿನದ ಮಾತು ಅಲ್ಲಿಗೇ ನಿಂತಿತು.

ಮುಂದಿನ ವಾರ ಬಂದರು, ಅದೇ ದೊಡ್ಡದು. ಈ ಸಲ ವಯಸ್ಸಿನ ಬಗ್ಗೆ ಸಮಾಧಾನ ಹೇಳಲು ಹೋಗಲಿಲ್ಲ. "ಹಾಕ್ಕಂಡ್ರೆ ಕಣ್ಣು ಅದಕ್ಕೇ ಒಗ್ಗೋಗಿ ಪವರ್ ಏರ್ತದಂತೆ" ಅನ್ನುವ ಭಯ ಇತ್ತು, ಅದನ್ನು ಮೊದಲು ಬಿಡಿಸಿದೆ. ಕಣ್ಣೊಳಗೆ ಒಂದು ಮಸೂರ ಇದೆ. ಹತ್ತಿರದ್ದನ್ನು ನೋಡುವಾಗ ಅದು ಉಬ್ಬಬೇಕು. ವಯಸ್ಸಾದಂತೆ ಬಿರುಸಾಗಿ, ಉಬ್ಬುವುದು ಕಡಿಮೆಯಾಗುತ್ತದೆ. ಕನ್ನಡಕ ಹಾಕಿದರೂ ಬೀರುವಿನಲ್ಲಿಟ್ಟರೂ 60ರ ಆಸುಪಾಸಿನ ತನಕ ಪವರ್ ನಿಧಾನಕ್ಕೆ ಏರುವುದೇ. ಯಾರನ್ನೂ ಬಿಡುವುದಿಲ್ಲ. "ಇನ್ನೊಂದೆರಡು ವರ್ಷ ತಡೀರಿ, ನಿಮ್ಮ ಯಜಮಾನರೂ ಮೊಬೈಲ್‌ನ ಮಾರುದ್ದ ದೂರ ಹಿಡೀತಾರೆ" ಅಂದೆ. "ಈಗ್ಲೇ ಹಿಡೀತಾರೆ ಮೇಡಂ" ಅಂತ ನಕ್ಕರು. ನಗು ಬಂದಿದ್ದು ಅವತ್ತೇ ಮೊದಲು.

ಆಮೇಲೆ ಅಸ್ಸಾಮಿನ ಚಹಾ ತೋಟದ ವಿಷಯ ಹೇಳಿದೆ. 40 ದಾಟಿದ ಎಲೆ ಕೀಳುವವರಿಗೆ ಹತ್ತಿರದ ಕನ್ನಡಕ ಕೊಟ್ಟು ನೋಡಿದ ಅಧ್ಯಯನ, 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಗದವರಿಗೆ ಹೋಲಿಸಿದರೆ ಅವರ ದಿನದ ಕೆಲಸ ಸುಮಾರು ಶೇ. 22ರಷ್ಟು ಜಾಸ್ತಿಯಾಗಿತ್ತು. ಟೈಲರಕ್ಕ ಬೆರಳು ಮಡಚಿ ಲೆಕ್ಕ ಹಾಕಿದರು. "ಐದು ಬ್ಲೌಸ್ ಹೊಲಿಯೋ ಕಡೆ ಆರು." ಮನಶ್ಶಾಸ್ತ್ರದ ಪಾಠಕ್ಕಿಂತ ಆ ಒಂದು ಬ್ಲೌಸ್ ಜಾಸ್ತಿ ಕೆಲಸ ಮಾಡಿತು.

ಕೊಟ್ಟ ಸಲಹೆ ಇಷ್ಟೇ. ಎರಡು ವರ್ಷದ ಹಳೇ ಪವರ್ ಈಗ ಹೊಂದದೆ ಇರಬಹುದು, ಮತ್ತೆ ಪರೀಕ್ಷೆ ಮಾಡಿಸಿ. ಬೀದಿ ಬದಿ ಸಿಗುವ ರೆಡಿಮೇಡ್ ಬೇಡ. ಅದರಲ್ಲಿ ಎರಡೂ ಕಣ್ಣಿಗೆ ಒಂದೇ ಪವರ್, ನಿಮ್ಮ ಕಣ್ಣು ಹಾಗಿರಬೇಕಲ್ಲ. ಇಲ್ಲಿನ ಸರ್ಕಾರಿ ಮಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋದರೆ ಕಣ್ಣಿನ ಒತ್ತಡವನ್ನೂ ನೋಡಲು ಕೇಳಿ, ಕಣ್ಣಿನ ನರ ಹಾಳು ಮಾಡುವ ಗ್ಲಾಕೋಮಾ ಶುರುವಿನಲ್ಲಿ ಸದ್ದೇ ಮಾಡುವುದಿಲ್ಲ. ಹೋಗುವ ಮುಂಚೆ ನಿಮ್ಮದೇ ಟೇಪು ಹಿಡಿದು ಕಣ್ಣಿನಿಂದ ಕೈಸೂಜಿಗೆ ಎಷ್ಟು, ಮೆಷಿನ್ ಸೂಜಿಗೆ ಎಷ್ಟು ಅಂತ ಅಳೆದುಕೊಳ್ಳಿ. ಓದುವ ದೂರಕ್ಕೆ ಕೊಟ್ಟ ಪವರ್ ಮೆಷಿನ್ನಿಗೆ ಸರಿಹೊಂದದೆ ಎಷ್ಟೋ ಜನ ತಲೆನೋವು ಅಂತ ತೆಗೆದಿಟ್ಟುಬಿಡುತ್ತಾರೆ. ಈ ಅಳತೆ ಕೆಲಸ ಅವರಿಗೆ ತುಂಬ ಹಿಡಿಸಿತು. ಚೀಟಿಯಲ್ಲಿ 14 ಇಂಚು, 20 ಇಂಚು ಅಂತ ಬರೆದು ತೋರಿಸಿದರು.

ಕನ್ನಡಕಕ್ಕೆ ಬೀರು ಜಾಗ ಅಲ್ಲ, ಮೆಷಿನ್ನಿನ ಡ್ರಾಯರು, ಬಾಬಿನ್ ಪಕ್ಕದಲ್ಲಿ ಅಂದೆ. ಮೊದಲು ಅಂಗಡಿ ಬಾಗಿಲು ಹಾಕಿದ ಮೇಲೆ ರಾತ್ರಿ ಮಾತ್ರ ಹಾಕಿಕೊಳ್ಳಲಿ. ಗಂಡನ ಹತ್ತಿರ ವಯಸ್ಸಿನ ಮಾತು ಎತ್ತಲೇಬೇಕು ಅಂತ ನಾನು ಒತ್ತಾಯ ಮಾಡಲಿಲ್ಲ. ಇಬ್ಬರಿಗೂ ಗೊತ್ತಿರುವ ಗುಟ್ಟು ಅದು, ನನಗೇನೂ ಅದರಲ್ಲಿ ರೋಗ ಕಾಣಲಿಲ್ಲ. ಒಂದಕ್ಕೆ ಮಾತ್ರ ಒತ್ತಾಯ ಮಾಡಿದೆ: ಬೈಸಿಕೊಂಡ ಹುಡುಗಿಗೆ ನಿಜ ಹೇಳಬೇಕು.

ಎರಡು ತಿಂಗಳ ಮೇಲೆ ಬಂದರು. ತಲೆನೋವು ಕಡಿಮೆ. ಹುಡುಗಿಗೆ ಹೇಳಿದಾಗ ಅವಳು "ನಂಗೊತ್ತಿತ್ತು ಬುಡಕ್ಕ" ಅಂದಳಂತೆ. ಈಗ ಸೂಜಿ ಪೋಣಿಸುವುದು ಬಿಟ್ಟು ಕಟಿಂಗ್ ಕಲಿಯುತ್ತಿದ್ದಾಳೆ. ಗಿರಾಕಿಗಳ ಎದುರು ಕನ್ನಡಕ ಇರುತ್ತದೆ. ನಾದಿನಿಯ ಸ್ಕೂಟರ್ ಸದ್ದು ಕೇಳಿದರೆ ಮಾತ್ರ ಈಗಲೂ ಡ್ರಾಯರು ಸೇರುತ್ತದಂತೆ.

ನಾನು ಅದಕ್ಕೇನೂ ಅನ್ನಲಿಲ್ಲ.